ಗೃಹಾರೋಗ್ಯ: ಹಲ್ಲು ಜುಮ್ಮೆನ್ನುವದೇಕೆ? ಅದಕ್ಕೆ ಮದ್ದೇನು?

ಸಂಸ್ಕೃತದಲ್ಲಿ ‘ಹರ್ಷ’ ಎಂಬ ಶಬ್ದಕ್ಕೆ ಸಂತೋಷವೆಂಬ ಒಂದೇ ಅರ್ಥವಿಲ್ಲ. ಚಳಿಯಿಂದಲೋ ಭಯದಿಂದಲೋ ಮೈಯ ಕೂದಲು ನಿಮಿರುವದಕ್ಕೂ ಹರ್ಷವೆಂದೇ ಹೆಸರು. ‘ರೋಮಹರ್ಷ’ವೆಂಬ ಮಾತು ವಾಚಕರಿಗೆ ಪರಿಚಿತವೇ ಇದೆ. ಇದೇ ರೀತಿಯಾಗಿ ನಮ್ಮ ಪ್ರಾಚೀನ ವೈದ್ಯರು ‘ದಂತಹರ್ಷ’ವೆಂಬ ಒಂದು ವ್ಯಾಧಿಯನ್ನು ಹೇಳಿರುವರು. ಹೆಸರನ್ನು ಕೇಳಿ ಹಲ್ಲಿಗೆ ಆನಂದವಾಯಿತೆಂದು ಯಾರೂ ತಿಳಿಯಬಾರದು. ತಂಪು, ಬಿಸಿ, ಮುಟ್ಟುವಿಕೆ ಇವುಗಳಲ್ಲಿ ಯಾವದನ್ನೂ ಹಲ್ಲು ತಾಳಲಾರದಾದರೆ ಅದು ದಂತಹರ್ಷ, ಅದು ವಾತದಿಂದ ಹುಟ್ಟುವದು ಎಂದು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಲಕ್ಷಣ ಹೇಳಿದೆ. ನಾವು ಆಡುಮಾತಿನಲ್ಲಿ ಹಲ್ಲು ಜುಮ್ಮೆನ್ನುತ್ತವೆ, ಹುಳಿ ತಿಂದು ಹಲ್ಲು ಚಳಿತವು ಎಂದು ಹೇಳುವದೂ ಇದನ್ನೇ.

ಇದು ಪ್ರಾಣ ತೆಗೆಯುವ ರೋಗವಲ್ಲ. ಆದುದರಿಂದಲೇ ಮನೆಮಂದಿ ಇದನ್ನು ಲಕ್ಷಕ್ಕೆ ತರುವದಿಲ್ಲ. ಆದರೆ ಇದರ ಪರಿಣಾಮಗಳನ್ನು ನೋಡಿರಿ. ಜುಮ್ಮೆನ್ನುವ ಕಡೆಗೆ ಅಗಿಯುವದನ್ನು ಬಿಡುತ್ತೇವೆ. ಆ ಕಡೆಗೆ ಹಲ್ಲುಜ್ಜುವದನ್ನೂ ಬಿಡುತ್ತೇವೆ. ಉಜ್ಜದ ಕಡೆಗೆ ಕಿಟ್ಟ ಕಟ್ಟುವದು, ಕಿಟ್ಟದಿಂದ ಒಸಡು ಸರಿಯುವದು, ಒಸಡು ಸರಿದಂತೆ ಜುಮ್ಮು ಹೆಚ್ಚುವದು. ಹೀಗೆ ಒಂದಕ್ಕೊಂದು ಕೊಂಡಿಯಾಗಿ ಕೊನೆಗೆ “ಇದರ ಕಾಟವೇ ಬೇಡ, ಕಿತ್ತಿಸಿಬಿಡೋಣ” ಎಂಬ ನಿಶ್ಚಯಕ್ಕೆ ಬರುತ್ತೇವೆ. ನಮ್ಮ ಮುಶಿಗೇರಿಯಲ್ಲಿಯೂ ರೋಣ, ಗಜೇಂದ್ರಗಡದ ಸುತ್ತಿನ ಊರುಗಳಲ್ಲಿಯೂ ಐವತ್ತು ವರುಷ ತುಂಬುವದರೊಳಗೆ ಬಾಯಿ ಬರಿದಾದವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ. ಅವರು ಕಳೆದುಕೊಂಡ ಹಲ್ಲುಗಳಲ್ಲಿ ಉಳಿಸಬಹುದಾಗಿದ್ದವು ಕಡಿಮೆಯಲ್ಲ. ಒಂದು ಗಟ್ಟಿ ಹಲ್ಲನ್ನು ಕೀಳಿಸುವದು ಸುಲಭ. ಜೋಳದ ಕಟಕರೊಟ್ಟಿಯನ್ನು ಅಗಿಯಬಲ್ಲ ಇನ್ನೊಂದು ಹಲ್ಲನ್ನು ಪಡೆಯುವದು ಸುಲಭವಲ್ಲ.

ಮೊದಲು ಹಲ್ಲಿನ ರಚನೆಯನ್ನು ತಿಳಿಯೋಣ. ಹೊರಗೆ ಕಾಣುವ ಬಿಳಿಯ ಹೊದಿಕೆಗೆ ಎನಾಮಲ್ ಎಂದು ಹೆಸರು. ನಮ್ಮ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ಪದಾರ್ಥವಿಲ್ಲ. ಇದರಲ್ಲಿ ನರವೂ ಇಲ್ಲ. ಅದರ ಒಳಗೆ ತುಸು ಹಳದಿಯಾದ ಡೆಂಟೀನ್ ಎಂಬ ಪದರು. ಅದರ ನಡುವೆ ರಕ್ತನಾಳಗಳೂ ನರಗಳೂ ಇರುವ ಮೆತ್ತನ್ನ ತಿರುಳು. ಒಸಡಿನೊಳಗೆ ಹುದುಗಿರುವ ಬೇರಿಗೆ ಎನಾಮಲ್ಲಿನ ರಕ್ಷಣೆಯಿಲ್ಲ. ಸಿಮೆಂಟಮ್ ಎಂಬ ತೆಳುವಾದ ಹೊದಿಕೆ ಮಾತ್ರ ಉಂಟು. ಡೆಂಟೀನಿನ ತುಂಬ ತಿರುಳಿನಿಂದ ಹೊರಮೈಯವರೆಗೆ ಚಾಚಿಕೊಂಡ ಅತಿಸೂಕ್ಷ್ಮವಾದ ಕೊಳವೆಗಳಿವೆ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದೆರಡು ಭಾಗ. ಒಂದು ಚದರ ಮಿಲಿಮೀಟರಿನಷ್ಟು, ಅಂದರೆ ಸಾಸಿವೆಯ ಕಾಳಿನಷ್ಟು ಜಾಗದಲ್ಲಿ ಇಂಥ ಕೊಳವೆಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಇರುವವು. ಇವುಗಳೊಳಗೆ ನೀರಿನಂಥ ದ್ರವ ತುಂಬಿದೆ.

ಎನಾಮಲ್ ಸವೆದಾಗ, ಇಲ್ಲವೆ ಒಸಡು ಕೆಳಗೆ ಸರಿದು ಬೇರು ಬೈಲಾದಾಗ, ಈ ಕೊಳವೆಗಳ ಬಾಯಿ ತೆರೆಯುವದು. ಆಗ ತಣ್ಣೀರು ತಗಲಿದರೆ ಒಳಗಿನ ದ್ರವವು ಹೊರಕ್ಕೆ ಸರಿದು, ಕೊಳವೆಯ ಒಳತುದಿಯಲ್ಲಿರುವ ನರವನ್ನು ಎಳೆದಂತಾಗುವದು, ಅದೇ ಜುಮ್ಮು. ಗಾಳಿ ಬೀಸಿದರೂ, ಬೆಲ್ಲದ ಪಾಕ ತಗಲಿದರೂ ಆಗುವದು ಇದೇ. ಈ ಅಭಿಪ್ರಾಯವನ್ನು ಪ್ರಯೋಗಗಳಿಂದ ಸ್ಥಿರಪಡಿಸಿದವರು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಎಂಬ ವಿದ್ವಾಂಸರು. ಕಾಲ ೧೯೬೦ರ ದಶಕ. ಕೊಳವೆಯ ಅಗಲ ಇಮ್ಮಡಿಯಾದರೆ ಅದರಲ್ಲಿ ಹರಿಯುವ ದ್ರವ ಇಮ್ಮಡಿಯಲ್ಲ, ಹದಿನಾರು ಮಡಿಯಾಗುವದೆಂಬದು ಭೌತಶಾಸ್ತ್ರದ ನಿಯಮ. ಆದುದರಿಂದ ಸವೆತವು ಸ್ವಲ್ಪವೇ ಇದ್ದರೂ ವೇದನೆ ಬಹಳವಾಗುವದು. ಹಾಗೆಯೇ ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚದೆ ತುಸು ಕಿರಿದು ಮಾಡಿದರೂ ಉಪಶಮನ ದೊಡ್ಡದಾಗಿರುವದು. ಮುಂದೆ ಹೇಳುವ ಮದ್ದುಗಳ ತತ್ವವೆಲ್ಲ ಇದರಲ್ಲಿಯೇ ಅಡಗಿದೆ.

ಇನ್ನು ಸವೆಯುವದೇಕೆಂಬದನ್ನು ವಿಚಾರಿಸೋಣ. ನಮ್ಮ ಸೀಮೆಗೆ ವಿಶೇಷವಾದ ಕಾರಣಗಳು ಮೂರು.

ಮೊದಲನೆಯದು ನೀರು. ಗದಗ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ಲವಣವು ಹೆಚ್ಚಾಗಿದೆ. ಮುಂಡರಗಿಯ ಕಡೆಗೆ ಇದು ಪ್ರಸಿದ್ಧವೇ ಇದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ ೧ ಮಿಲಿಗ್ರಾಮ್ ಮೀರಬಾರದು, ಬೇರೆ ನೀರು ಸಿಗದಿದ್ದರೂ ೧.೫ ಮಿಲಿಗ್ರಾಮ್ ದಾಟಕೂಡದು ಎಂಬದು ಭಾರತೀಯ ಮಾನಕ. ಹೆಚ್ಚು ಫ್ಲೋರೈಡಿನ ನೀರನ್ನು ಎಂಟು ವರುಷದೊಳಗಿನ ಮಕ್ಕಳು ಕುಡಿದರೆ, ಒಸಡಿನೊಳಗೆ ಆಗ ತಾನೇ ರಚನೆಯಾಗುತ್ತಿರುವ ಹಲ್ಲುಗಳ ಎನಾಮಲ್ ಕೆಟ್ಟು, ಅವು ಕಂದು ಕಲೆಗಳನ್ನು ಹೊತ್ತುಕೊಳ್ಳುವವು. ಅಮೇರಿಕೆಯ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ೧೯೦೧ರಲ್ಲಿ ಈ ಕಂದು ಹಲ್ಲುಗಳನ್ನು ಕಂಡು ಬೆರಗಾದರು. ಅದರ ಕಾರಣ ನೀರಿನೊಳಗಿನ ಫ್ಲೋರೈಡ್ ಎಂಬದು ೧೯೩೧ರಲ್ಲಿ ಗೊತ್ತಾಯಿತು. ನಮ್ಮ ದೇಶದಲ್ಲಿ ಮದ್ರಾಸ ಪ್ರಾಂತದ ಊರುಗಳಲ್ಲಿ ಈ ವ್ಯಾಧಿಯನ್ನು ೧೯೩೭ರಲ್ಲಿ ವರ್ಣಿಸಿದರು. ಕಲೆ ಬಹಳವಾದ ಹಲ್ಲಿನ ಎನಾಮಲ್ ರಂಧ್ರಮಯವಾಗಿದ್ದು ಚಕ್ಕೆಚಕ್ಕೆಯಾಗಿ ಏಳುವದು.

ಎರಡನೆಯದು ಉಜ್ಜುವ ರೀತಿ. ಕಲೆಯನ್ನು ಕೊಳೆಯೆಂದು ಭ್ರಮಿಸಿ ಇಟ್ಟಂಗಿಯ ಪುಡಿ, ಇದ್ದಲಿ, ಕುಳ್ಳಿನ ಬೂದಿ, ಹರಳುಪ್ಪು ಹಾಕಿ ತಿಕ್ಕುವದು ನಮ್ಮಲ್ಲಿ ರೂಢಿ. ಮದುವೆಗೆ ಬಂದ ಹೆಣ್ಣುಮಕ್ಕಳಂತೂ ನಕ್ಕರೆ ಹಲ್ಲು ಕಾಣುವದೆಂದು ನಾಚಿ, ಕನ್ನಡಿಯ ಮುಂದೆ ನಿಂತು ತಿಕ್ಕಿದ್ದೇ ತಿಕ್ಕಿದ್ದು. ಕಲೆ ಎನಾಮಲ್ಲಿನ ಒಳಗೇ ಇರುವದರಿಂದ ಅದು ಹೋಗುವದಿಲ್ಲ, ಹೋಗುವದು ಎನಾಮಲ್ಲೇ. ಇಂಥ ತಾಯಂದಿರಿಗೂ ತಂಗಿಯರಿಗೂ ನಾನು ಹೇಳುವದಿಷ್ಟೆ: ಆ ಕಲೆ ನಿಮ್ಮ ಅಶುಚಿಯ ಗುರುತಲ್ಲ; ಬಾಲ್ಯದಲ್ಲಿ ಕುಡಿದ ನೀರಿನ ಗುರುತು. ಅದಕ್ಕೆ ದಂತವೈದ್ಯರಲ್ಲಿ ಬೇರೆ ಉಪಾಯಗಳಿವೆ, ಇಟ್ಟಂಗಿ ಉಪಾಯವಲ್ಲ. ಕೆಲವರು ಸುಟ್ಟ ತಂಬಾಕಿನ ಮಿಶ್ರಿಯನ್ನು ತಿಕ್ಕುವರು. ಹಲ್ಲಿನ ಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವದನ್ನು ಭಾರತ ಸರಕಾರವು ೧೯೯೨ರಲ್ಲಿಯೇ ನಿಷೇಧಿಸಿದೆ. ಮಿಶ್ರಿಯಿಂದ ಒಸಡು ಸರಿಯುವದಷ್ಟೇ ಅಲ್ಲ, ಬಾಯಿಯ ಅರ್ಬುದಕ್ಕೂ ದಾರಿಯಾಗುವದು.

ಮೂರನೆಯದು ಹುಳಿ. ಹಿಂಗಾರಿಯಲ್ಲಿ ನಮ್ಮ ಎರಿಯ ಹೊಲಗಳಲ್ಲಿ ಕಡಲೆ ಬೆಳೆಯುವದನ್ನು ವಾಚಕರು ಬಲ್ಲರು. ಅದರ ಎಲೆಯ ಮೇಲೆ ಸಣ್ಣ ಹನಿಗಳಾಗಿ ಒಸರುವ ಹುಳಿಯನ್ನು ನಸುಕಿನಲ್ಲಿ ಬಿಳಿಯ ಅರಿವೆಗೆ ಹಿಡಿದು ಹಿಂಡಿಕೊಂಡು, ಹೊಟ್ಟೆನೋವಿಗೆ ಮದ್ದೆಂದು ಸಂಗ್ರಹಿಸುವ ಪದ್ಧತಿ ಹಿಂದಿನಿಂದಲೂ ಇದೆ. ಸುಲಗಾಯಿ ಕಿತ್ತು ತಿನ್ನುವ ಹುಡುಗರು ಎಲೆಯನ್ನೂ ಜಗಿದು ಸಂಜೆಗೆ ಹಲ್ಲು ಚಳಿತವೆಂದು ರೊಟ್ಟಿ ಬಿಡುವರು. ಆ ಹುಳಿಯಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳಿವೆ. ಹುಣಸೆ, ಮಾವಿನಕಾಯಿ, ಲಿಂಬೆ ಇವುಗಳೂ ಇದೇ ವರ್ಗದವು. ಆಮ್ಲತೆಯನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ಶುದ್ಧ ನೀರಿಗೆ ೭. ಸಂಖ್ಯೆ ಇಳಿದಂತೆ ಹುಳಿ ಹೆಚ್ಚು. ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುವದು. ಡೆಂಟೀನ್ ಅದಕ್ಕೂ ಮೊದಲೇ ಕರಗುವದು. ಲಿಂಬೆಯ ರಸದ ಮಾನ ೨ರಿಂದ ೩ರೊಳಗೆ. ಬಾಟಲಿಯಲ್ಲಿ ಮಾರುವ ಕಪ್ಪು ಪಾನಕದ್ದೂ ಅಷ್ಟೇ. ಊಟದಲ್ಲಿ ಹುಳಿ ಬೇಡವೆಂದು ನಾನು ಹೇಳುವದಿಲ್ಲ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಳ್ಳಬಾರದು, ತಿಂದ ಕೂಡಲೆ ನೀರು ಮುಕ್ಕಳಿಸಬೇಕು. ಗರ್ಭಿಣಿಯರ ವಾಂತಿಯಲ್ಲಿ ಜಠರದ ಆಮ್ಲ ಇರುವದರಿಂದ ಅವರಿಗೂ ಇದೇ ನಿಯಮ.

ಈಗ ಮದ್ದುಗಳಿಗೆ ಬರುವೆನು. ಪ್ರಾಚೀನರು ಎರಡು ಮಾತುಗಳನ್ನು ಹೇಳಿದ್ದಾರೆ. ಒಂದು ಸ್ನೇಹಧಾರಣೆ: ಬೆಚ್ಚಗಿನ ಎಣ್ಣೆ ಇಲ್ಲವೆ ತುಪ್ಪವನ್ನು ಬಾಯಲ್ಲಿ ಹಿಡಿಯುವದು. ತೈಲಗಂಡೂಷವನ್ನು ಅಭ್ಯಾಸ ಮಾಡಿದವರ ಹಲ್ಲು ಹುಳಿಗೆ ಜುಮ್ಮೆನ್ನವು, ಬಿರುಸಾದ ಭಕ್ಷ್ಯಗಳನ್ನೂ ಅಗಿಯಬಲ್ಲವು ಎಂದು ಚರಕಸಂಹಿತೆ ಹೇಳುವದು. ಎರಡನೆಯದು ಪಥ್ಯ: ಹುಳಿಹಣ್ಣು, ತಣ್ಣೀರು, ಒಣ ಅನ್ನ, ಕಡ್ಡಿಯಿಂದ ಹಲ್ಲುಜ್ಜುವದು, ಅತಿ ಕಠಿಣವಾದ ತಿನಿಸು ಇವನ್ನು ದಂತರೋಗಿಯು ಬಿಡಬೇಕೆಂದು ಸುಶ್ರುತನ ಆದೇಶ. ಇಂದಿನ ದಂತವೈದ್ಯರು ಬರೆದುಕೊಡುವ ಪಥ್ಯವೂ ಹೆಚ್ಚುಕಡಿಮೆ ಇದೇ ಆಗಿರುವದನ್ನು ಕಂಡು ನನಗೆ ಸೋಜಿಗವಾಗಿದೆ. ಎಣ್ಣೆಯನ್ನು ಮುಕ್ಕಳಿಸುವದರಿಂದ ಬಾಧೆಯಿಲ್ಲ, ನುಂಗದಿದ್ದರಾಯಿತು. ಆದರೆ ತೆರೆದ ಕೊಳವೆಯನ್ನು ಅದು ಸ್ಥಿರವಾಗಿ ಮುಚ್ಚುವದೆಂದು ಸಿದ್ಧಪಟ್ಟಿಲ್ಲ. ಆದುದರಿಂದ ಅದನ್ನು ಸಹಾಯಕವೆಂದು ತಿಳಿಯಬೇಕು. ಅದೊಂದರ ಮೇಲೆಯೇ ಭಾರ ಹಾಕಬಾರದು.

ನವೀನ ಮದ್ದುಗಳಲ್ಲಿ ಎರಡು ಪಂಗಡ. ಒಂದು ನರವನ್ನು ಶಾಂತಗೊಳಿಸುವದು; ಇನ್ನೊಂದು ಕೊಳವೆಯ ಬಾಯಿಯನ್ನು ಮುಚ್ಚುವದು.

ಮೊದಲನೆಯ ಪಂಗಡದಲ್ಲಿ ಮುಖ್ಯವಾದುದು ಪೊಟ್ಯಾಸಿಯಮ್ ನೈಟ್ರೇಟ್. ಇದು ಬೇರೆ ಯಾವದೂ ಅಲ್ಲ, ದೀಪಾವಳಿಯ ಸಿಡಿಮದ್ದಿನಲ್ಲಿ ಹಾಕುವ ಪೆಟ್ಲುಪ್ಪೇ. ಅಮೇರಿಕೆಯ ಮಿಲ್ಟನ್ ಹೊಡೋಷ್ ಎಂಬ ದಂತವೈದ್ಯರು ೧೯೭೪ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಪೊಟ್ಯಾಸಿಯಮ್ಮಿನ ಅಂಶವು ಕೊಳವೆಯೊಳಗೆ ಇಳಿದು ನರದ ಸುತ್ತ ಸೇರಿಕೊಂಡರೆ ನರವು ಸುದ್ದಿ ಮುಟ್ಟಿಸುವ ಶಕ್ತಿಯನ್ನು ಕಳೆದುಕೊಳ್ಳುವದೆಂದು ವಿವರಣೆ. ಜುಮ್ಮಿನ ಸಲುವಾಗಿ ಮಾರುವ ಅನೇಕ ಪೇಸ್ಟುಗಳಲ್ಲಿ ಇದು ನೂರಕ್ಕೆ ೫ ಭಾಗ ಇರುವದು. ಹಾಗೆಂದು ಅಂಗಡಿಯ ಪೆಟ್ಲುಪ್ಪನ್ನು ತಂದು ಹಲ್ಲಿಗೆ ಸವರುವ ಸಾಹಸ ಸರ್ವಥಾ ಬೇಡ. ಅದು ಶುದ್ಧವಾದುದಲ್ಲ, ಪ್ರಮಾಣವೂ ತಿಳಿಯದು.

ಎರಡನೆಯ ಪಂಗಡದಲ್ಲಿ ಹಲವು ದ್ರವ್ಯಗಳಿವೆ. ಸ್ಟ್ರಾಂಷಿಯಮ್ ಕ್ಲೋರೈಡ್ ಹಳೆಯದು; ಇದನ್ನು ಹಾಕಿದ ಪೇಸ್ಟು ೧೯೬೧ರಲ್ಲಿ ಹೊರಬಂದಿತು. ಸ್ಕಾಟ್ಲಂಡಿನ ಸ್ಟ್ರಾಂಷಿಯನ್ ಎಂಬ ಹಳ್ಳಿಯ ಗಣಿಯಲ್ಲಿ ಸಿಕ್ಕುದರಿಂದ ಆ ಧಾತುವಿಗೆ ಆ ಹೆಸರು. ಈಚಿನ ಪರೀಕ್ಷೆಗಳಲ್ಲಿ ಇದಕ್ಕೆ ಉಳಿದವುಗಳಷ್ಟು ಬೆಂಬಲ ದೊರೆತಿಲ್ಲ. ಸ್ಟ್ಯಾನಸ್ ಫ್ಲೋರೈಡ್ ಎಂಬ ತವರದ ಲವಣವು ಕೊಳವೆಯ ಬಾಯಿಯಲ್ಲಿ ಕರಗದ ಪದರಾಗಿ ಕೂಡುವದು. ಅರ್ಜಿನೀನ್ ಎಂಬದು ಶೇಂಗಾದಲ್ಲಿಯೂ ಇರುವ ಒಂದು ಪೋಷಕ ದ್ರವ್ಯ. ನಮ್ಮ ಜೊಲ್ಲಿನಲ್ಲಿಯೂ ಇದೆ. ನೂರಕ್ಕೆ ೮ ಭಾಗ ಅರ್ಜಿನೀನನ್ನು ಸೀಮೆಸುಣ್ಣದ ಜಾತಿಯ ಕ್ಯಾಲ್ಸಿಯಮ್ ಕಾರ್ಬೊನೇಟಿನೊಡನೆ ಕೂಡಿಸಿ ಮಾಡಿದ ಪೇಸ್ಟು ಕೊಳವೆಗಳಿಗೆ ಬಿರಡೆ ಹಾಕಿದಂತೆ ಮಾಡುವದು. ಶೇಂಗಾ ತಿಂದರೆ ಈ ಫಲ ಬಾರದೆಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ವಿಚಿತ್ರವಾದುದು ಗಾಜು. ಅಮೇರಿಕೆಯ ಲ್ಯಾರಿ ಹೆಂಚ್ ಎಂಬವರು ಮುರಿದ ಎಲುವಿಗೆ ಬೆಸೆದುಕೊಳ್ಳುವ ಒಂದು ಗಾಜನ್ನು ೧೯೬೯ರಲ್ಲಿ ಸಿದ್ಧಪಡಿಸಿದರು. ಅದರ ನುಣ್ಣನ್ನ ಪುಡಿಯನ್ನು ಪೇಸ್ಟಿನಲ್ಲಿ ಹಾಕಿದರೆ ಜೊಲ್ಲು ತಗಲಿದ ಕೂಡಲೆ ಸುಣ್ಣ, ರಂಜಕಗಳ ಅಂಶ ಬಿಟ್ಟು ಹಲ್ಲಿನ ಜಾತಿಯದೇ ಆದ ಪದರು ಕಟ್ಟುವದು. ಡಬ್ಬಿಯ ಮೇಲೆ ‘ಕ್ಯಾಲ್ಸಿಯಮ್ ಸೋಡಿಯಮ್ ಫಾಸ್ಫೊಸಿಲಿಕೇಟ್’ ಎಂದಿದ್ದರೆ ಅದು ಇದೇ ಎಂದು ತಿಳಿಯಿರಿ.

ದಂತವೈದ್ಯರು ತಮ್ಮ ಕೈಯಿಂದಲೇ ಹಚ್ಚುವ ಮದ್ದುಗಳು ಬೇರೆ. ಫ್ಲೋರೈಡ್ ವಾರ್ನಿಶು ಅವುಗಳಲ್ಲಿ ಸಾಮಾನ್ಯವಾದುದು. ನಮ್ಮ ದೇಶದ ಮಾನಕದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ ಹತ್ತು ಲಕ್ಷಕ್ಕೆ ೧,೦೦೦ ಭಾಗ ಮೀರಬಾರದು. ವಾರ್ನಿಶಿನಲ್ಲಿ ೨೨,೬೦೦ ಭಾಗ ಇರುವದು. ಆದುದರಿಂದಲೇ ಅದು ಮನೆಯಲ್ಲಿ ಬಳಸುವ ವಸ್ತುವಲ್ಲ. “ಫ್ಲೋರೈಡಿನಿಂದಲೇ ಹಲ್ಲು ಕೆಟ್ಟಿರುವಾಗ ಅದೇ ಮದ್ದು ಹೇಗೆ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹಲ್ಲು ಒಸಡಿನೊಳಗೆ ಬೆಳೆಯುವಾಗ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ವಿಷದಂತೆ. ಬೆಳೆದು ನಿಂತ ಹಲ್ಲಿನ ಮೇಲೆ ಹೊರಗಿನಿಂದ ಹಚ್ಚಿ ಉಗುಳಿದ ಫ್ಲೋರೈಡ್ ಕವಚದಂತೆ. ಮದ್ದಿಗೂ ವಿಷಕ್ಕೂ ಅಂತರ ಪ್ರಮಾಣದಲ್ಲಿಯೂ ಕಾಲದಲ್ಲಿಯೂ ಇದೆ. ಆದರೂ ಸಣ್ಣ ಮಕ್ಕಳು ಪೇಸ್ಟನ್ನು ನುಂಗುವರಾದುದರಿಂದ ಮೂರು ವರುಷದೊಳಗಿನವರಿಗೆ ಅಕ್ಕಿಯ ಕಾಳಿನಷ್ಟು, ಆರು ವರುಷದವರೆಗೆ ವಟಾಣಿಯ ಕಾಳಿನಷ್ಟು ಮಾತ್ರ ಕೊಟ್ಟು, ಹಿರಿಯರು ಎದುರಿಗೆ ನಿಂತು ಉಗುಳಿಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಊರಿನ ಮಕ್ಕಳಿಗೆ ಯಾವ ಪೇಸ್ಟೆಂಬದನ್ನು ವೈದ್ಯರನ್ನು ಕೇಳಿಯೇ ನಿಶ್ಚಯಿಸಬೇಕು.

ಪೊಟ್ಯಾಸಿಯಮ್ ಆಕ್ಸಲೇಟ್ ಎಂಬ ದ್ರವವನ್ನೂ ವೈದ್ಯರು ಹಚ್ಚುವದುಂಟು. ಅದು ಹಲ್ಲಿನ ಸುಣ್ಣದೊಡನೆ ಕೂಡಿ ಕರಗದ ಹರಳಾಗಿ ಕೊಳವೆಯನ್ನು ತುಂಬುವದು. ಕಡಲೆಯ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲಕ್ಕೆ ಇದು ಬಂಧುವೇ. ಆದರೆ ಹೊಲದ ಹುಳಿಯಲ್ಲಿ ಕರಗಿಸುವ ಆಮ್ಲಗಳೂ ಕೂಡಿರುವದರಿಂದ ಅದು ಹಲ್ಲನ್ನು ಕೆಡಿಸುವದು. ವೈದ್ಯರ ದ್ರವವು ಹದಮಾಡಿದ್ದಾಗಿರುವದರಿಂದ ಗುಣಕೊಡುವದು. ಗ್ಲುಟರಾಲ್ಡಿಹೈಡ್ ಎಂಬ, ಚರ್ಮ ಹದಮಾಡುವ ಕೆಲಸದಲ್ಲಿಯೂ ಬರುವ ದ್ರವ್ಯವು ಕೊಳವೆಯೊಳಗಿನ ದ್ರವವನ್ನು ಹೆಪ್ಪುಗಟ್ಟಿಸುವದು. ಹಲ್ಲಿನ ಬುಡದಲ್ಲಿ ಕೊಡಲಿಯ ಕಚ್ಚಿನಂತೆ ತಗ್ಗು ಬಿದ್ದಿದ್ದರೆ ಗ್ಲಾಸ್ ಅಯೊನೊಮರ್ ಸಿಮೆಂಟನ್ನೋ ಹಲ್ಲಿನ ಬಣ್ಣದ ರಾಳವನ್ನೋ ತುಂಬುವರು. ಈ ಸಿಮೆಂಟನ್ನು ಇಂಗ್ಲಂಡಿನ ವಿಲ್ಸನ್ ಮತ್ತು ಕೆಂಟ್ ಎಂಬವರು ೧೯೭೨ರಲ್ಲಿ ಲೋಕಕ್ಕೆ ತಿಳಿಸಿದರು. ಒಸಡು ಬಹಳ ಸರಿದಿದ್ದರೆ ಶಸ್ತ್ರಕ್ರಿಯೆಯಿಂದ ಅದನ್ನು ಮುಚ್ಚುವದೂ ಸಾಧ್ಯ. ತಿರುಳೇ ಕೆಟ್ಟಿದ್ದರೆ ಬೇರಿನ ಚಿಕಿತ್ಸೆ ಮಾಡುವರು. ಇಷ್ಟೆಲ್ಲ ಮೆಟ್ಟಿಲುಗಳಿರುವಾಗ ಮೊದಲಿಗೇ ಇಕ್ಕಳದ ಮಾತೇಕೆ?

ಮನೆಯಲ್ಲಿ ನಡೆಸಬೇಕಾದ ನಿಯಮಗಳನ್ನು ಸಂಗ್ರಹವಾಗಿ ಹೇಳುವೆನು.

೧. ಮೆತ್ತನ್ನ ಕೂದಲಿನ ಕುಂಚದಿಂದ ದಿನಕ್ಕೆರಡು ಸಲ, ಎರಡೆರಡು ನಿಮಿಷ ಹಗುರಾಗಿ ಉಜ್ಜಿರಿ. ಬೇವಿನ ಕಡ್ಡಿಯನ್ನು ಬಿಡಲಾರದವರು ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿ, ಹಲ್ಲಿನ ಮಾಂಸಕ್ಕೆ ನೋವಾಗದಂತೆ ಬಳಸಲಿ. ಚರಕನೂ ಹೇಳಿದ್ದು ಹಾಗೆಯೇ. ಆದರೆ ಜುಮ್ಮು ಇರುವಷ್ಟು ದಿವಸ ಕಡ್ಡಿ ಬೇಡ.

೨. ಇಟ್ಟಂಗಿ, ಬೂದಿ, ಇದ್ದಲಿ, ಉಪ್ಪು, ಮಿಶ್ರಿ ಇವುಗಳನ್ನು ಇಂದೇ ಬಿಡಿರಿ. ಇದ್ದಲಿ ಸೇರಿಸಿದ ಬಣ್ಣದ ಡಬ್ಬಿಗಳಿಗೂ ಮರುಳಾಗಬೇಡಿರಿ.

೩. ಹುಳಿ ತಿಂದ ಮೇಲೆ, ವಾಂತಿಯಾದ ಮೇಲೆ ನೀರು ಮುಕ್ಕಳಿಸಿರಿ. ಅರ್ಧ ತಾಸು ಉಜ್ಜಬೇಡಿರಿ. ಆಮ್ಲದಿಂದ ಮೆತ್ತಗಾದ ಎನಾಮಲ್ ಆಗ ಬೇಗ ಸವೆಯುವದು.

೪. ಜುಮ್ಮಿನ ಪೇಸ್ಟನ್ನು ಬಳಸಿದರೆ ನಾಲ್ಕು ವಾರ ತಪ್ಪದೆ ಬಳಸಿರಿ. ಎರಡು ದಿನಕ್ಕೆ ಗುಣವಾಗಲಿಲ್ಲವೆಂದು ಬಿಡುವದು, ಗುಣವಾಯಿತೆಂದು ಕೂಡಲೆ ಬಿಡುವದು ಎರಡೂ ತಪ್ಪು. ಉಜ್ಜಿದ ತರುವಾಯ ನೊರೆಯನ್ನು ಉಗುಳಿರಿ. ತಂಬಿಗೆಗಟ್ಟಲೆ ನೀರಿನಿಂದ ಮದ್ದನ್ನು ತೊಳೆದು ಹಾಕಬೇಡಿರಿ.

೫. ಎಕ್ಕೆಯ ಹಾಲು, ಸುಣ್ಣ, ಗೇರೆಣ್ಣೆ ಹಲ್ಲಿಗೆ ಹಚ್ಚಬೇಡಿರಿ. ಬಾಯಿ ಸುಟ್ಟು ಹುಣ್ಣಾಗುವದು. ಲವಂಗದ ಎಣ್ಣೆ ನೋವನ್ನು ತುಸು ಹೊತ್ತು ಮರಗಟ್ಟಿಸುವದೇ ಹೊರತು ರೋಗವನ್ನು ಕಳೆಯಲಾರದು.

೬. ಊರಿನ ನೀರನ್ನು ಪರೀಕ್ಷೆ ಮಾಡಿಸಿರಿ. ಫ್ಲೋರೈಡ್ ಹೆಚ್ಚಾಗಿದ್ದರೆ ಮಕ್ಕಳಿಗೂ ಗರ್ಭಿಣಿಯರಿಗೂ ಕುಡಿಯಲು ಶುದ್ಧೀಕರಣ ಘಟಕದ ನೀರನ್ನೋ, ಸ್ವಚ್ಛವಾಗಿ ಹಿಡಿದಿಟ್ಟ ಮಳೆಯ ನೀರನ್ನೋ ಕೊಡಿರಿ. ನೀರನ್ನು ಕಾಸಿದರೆ ಫ್ಲೋರೈಡ್ ಹೋಗುವದೆಂಬುದು ತಪ್ಪು ತಿಳಿವಳಿಕೆ. ನೀರು ಆವಿಯಾಗಿ ಇಂಗಿದಂತೆ ಲವಣವು ಉಳಿದ ನೀರಿನಲ್ಲಿ ಹೆಚ್ಚುವದು.

ಕೊನೆಯದಾಗಿ ಮುಖ್ಯವಾದೊಂದು ಎಚ್ಚರಿಕೆ. ಜುಮ್ಮೆನ್ನುವದೆಲ್ಲ ದಂತಹರ್ಷವಲ್ಲ. ತಂಪು ತಗಲಿದಾಗ ಹುಟ್ಟಿದ ನೋವು ತಂಪು ಹೋದ ಕೂಡಲೆ ನಿಂತರೆ ಅದು ದಂತಹರ್ಷವಾಗಿರಬಹುದು. ನೋವು ಬಹಳ ಹೊತ್ತು ಉಳಿದರೆ, ರಾತ್ರಿ ನಿದ್ದೆಗೆಡಿಸಿದರೆ, ಒಂದೇ ಹಲ್ಲು ಅಗಿಯುವಾಗ ಚುಚ್ಚಿದರೆ, ಒಸಡು ಬಾತು ಕೀವಾದರೆ ಅದು ಹುಳುಕು, ಬಿರುಕು ಇಲ್ಲವೆ ತಿರುಳಿನ ರೋಗ. ಆಗ ಪೇಸ್ಟನ್ನು ನಂಬಿ ತಿಂಗಳುಗಟ್ಟಲೆ ಕೂಡುವದು ಹಲ್ಲನ್ನು ಕೈಯಾರೆ ಕಳೆದುಕೊಂಡಂತೆ. ನಾಲ್ಕು ವಾರ ಪೇಸ್ಟು ಬಳಸಿಯೂ ಗುಣ ಕಾಣದವರು ವೈದ್ಯರಲ್ಲಿಗೆ ಹೋಗಲೇಬೇಕು. ತಾಲೂಕಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಎಸ್‌.ಡಿ.ಎಂ. ದಂತವೈದ್ಯಕೀಯ ಮಹಾವಿದ್ಯಾಲಯವಿದೆ, ಬಾಗಲಕೋಟೆಯಲ್ಲಿಯೂ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. “ಕೀಳಿರಿ” ಎಂದು ಹೇಳುವದಕ್ಕೆ ಮುಂಚೆ “ಇದನ್ನು ಉಳಿಸಬಹುದೆ?” ಎಂದು ಕೇಳುವ ರೂಢಿಯನ್ನು ಮನೆಯ ಹಿರಿಯರು ಮಾಡಿಕೊಳ್ಳಬೇಕು.

ಮನೆಯಲ್ಲಿ ಮುದುಕರಿದ್ದರೆ ಅವರು ಒಂದೇ ಕಡೆಗೆ ಅಗಿಯುತ್ತಿರುವರೋ, ತಣ್ಣೀರನ್ನು ಹಿಂದಕ್ಕೆ ಸರಿಸುತ್ತಿರುವರೋ ಇದನ್ನು ಸೊಸೆಯಂದಿರು, ಮಕ್ಕಳು ಊಟದ ಹೊತ್ತಿಗೆ ಗಮನಿಸಲಿ. ಹಿರಿಯರು ಬಾಯಿಬಿಟ್ಟು ಹೇಳುವದಿಲ್ಲ, ವಯಸ್ಸಾಯಿತೆಂದು ಸುಮ್ಮನಿರುವರು. ವಯಸ್ಸಾದ ಮಾತ್ರಕ್ಕೆ ಹಲ್ಲು ಜುಮ್ಮೆನ್ನಲೇಬೇಕೆಂಬ ನಿಯಮವಿಲ್ಲ. ಮುಂದಿನ ತಿಂಗಳು ಒಸಡಿನ ರಕ್ತಸ್ರಾವದ ವಿಷಯವನ್ನು ವಾಚಕರ ಮುಂದಿಡುವೆನು.